ಹಳೆಯ ಕಾರಿನ ಹಿಡಿಕೆ, ಹೊಸ ಹೊಳಪು

ಹಳೆಯದೊಂದನ್ನು ಉಳಿಸಿಕೊಳ್ಳುವುದಕ್ಕೂ ಅದನ್ನು ಹೊಸದರಂತೆ ತೋರಿಸುವುದಕ್ಕೂ ಇರುವ ವ್ಯತ್ಯಾಸವು ಈಚಿನ ವರ್ಷಗಳಲ್ಲಿ ಮಸುಕಾಗುತ್ತಿದೆಯೆಂಬುದು ನನ್ನ ಅಭಿಪ್ರಾಯ. ಊರಿನ ಗುಡಿಯ ಕಲ್ಲುಕಂಬಗಳಿಗೆ ಭಕ್ತಿಪೂರ್ವಕವಾಗಿ ಆಯಿಲ್ ಪೇಂಟ್ ಬಳಿಸಿದವರನ್ನು ನಾವೆಲ್ಲರೂ ಕಂಡಿದ್ದೇವೆ. ಅವರ ಶ್ರದ್ಧೆಯನ್ನು ಸಂದೇಹಿಸುವಂತಿಲ್ಲ. ಆದರೆ ಒಮ್ಮೆ ಬಳಿದ ಬಣ್ಣವನ್ನು ಕಲ್ಲಿನಿಂದ ಬಿಡಿಸುವುದೂ ಸುಲಭವಲ್ಲ. ಇಂದು ನಾನು ಬರೆಯಹೊರಟಿರುವುದು ಅದಕ್ಕಿಂತ ಬಹಳ ಸಣ್ಣ ವಸ್ತುವಿನ ಬಗ್ಗೆ. ಹಳೆಯ ಕಾರಿನ ಬಾಗಿಲ ಹಿಡಿಕೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಉದ್ದದ ಲೇಖನವೇ ಎಂದು ಹುಬ್ಬೇರಿಸಬೇಡಿ. ಒಂಬತ್ತನೆಯ ತರಗತಿಯಲ್ಲಿ ಸನ್ನೆಯ ಪಾಠ ಮಾಡುವಾಗ, ಹಿಡಿಕೆಯನ್ನು ಬಾಗಿಲ ಕೀಲಿನಿಂದ ಅತಿ ದೂರದ ಅಂಚಿನಲ್ಲೇ ಏಕೆ ಇಡುತ್ತಾರೆಂಬ ಒಂದೇ ಪ್ರಶ್ನೆಯಲ್ಲಿ ಇಡೀ ಪೀರಿಯಡ್ ಕಳೆದ ಮೇಷ್ಟರಿಂದ ನೀವು ಇನ್ನೇನನ್ನು ನಿರೀಕ್ಷಿಸುತ್ತೀರಿ? ಕೀಲಿನ ಹತ್ತಿರ ಕೈಯಿಟ್ಟು ತರಗತಿಯ ಬಾಗಿಲನ್ನು ತಳ್ಳಲು ಹೆಣಗಾಡಿದವರಲ್ಲಿ ಕೆಲವರು ಇದನ್ನು ಓದುತ್ತಿರಬಹುದು.

ಸಂಗತಿ ಇಷ್ಟು. ಹಾಸನದಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ 1969ರ ಒಂದು ಅಂಬಾಸಿಡರ್ ಮಾರ್ಕ್ 2 ಕಾರು ಇದೆ. ಪಶುವೈದ್ಯರಾಗಿದ್ದ ಭಾವನವರು ಅದನ್ನು ಸಕಲೇಶಪುರದ ಕಡೆಯ ಕಾಫಿ ತೋಟದ ಮಾಲೀಕರೊಬ್ಬರಿಂದ 1978ರಲ್ಲಿ ಕೊಂಡರು. ಅದರ ಸಂಖ್ಯಾಫಲಕವು ಇಂದಿಗೂ ‘ಎಂ.ವೈ.’ ಎಂಬ ಅಕ್ಷರಗಳಿಂದಲೇ ಆರಂಭವಾಗುತ್ತದೆ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಈ ಕಾರು ಮೈಸೂರು ರಾಜ್ಯದ ಕೂಸು. ಭಾವನವರು ತೀರಿಕೊಂಡು ಒಂಬತ್ತು ವರ್ಷಗಳಾದವು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅಕ್ಕನ ಮಗ, ತಂದೆಯ ಕಾರನ್ನು ಸಿದ್ಧಗೊಳಿಸಿ ಹಳೆಯ ಕಾರುಗಳ ಮೆರವಣಿಗೆಗೆ ಒಯ್ಯಬೇಕೆಂದು ಸಂಕಲ್ಪಿಸಿದ್ದಾನೆ. ಎಂಜಿನ್ನಿನ ಕೆಲಸ ಮುಗಿದಿದೆ, ಬಣ್ಣದ ಕೆಲಸವೂ ಮುಗಿದಿದೆ. ಈಗ ನಾಲ್ಕು ಬಾಗಿಲುಗಳ ಹಿಡಿಕೆಗಳನ್ನು ತೆಗೆದೆಸೆದು, ಕನ್ನಡಿಯಂತೆ ಹೊಳೆಯುವ ಹೊಸ ಹಿಡಿಕೆಗಳನ್ನು ಕೂರಿಸಬೇಕೆಂಬುದು ಅವನ ಇಚ್ಛೆ. ಅಕ್ಕನಿಗೆ ಅದು ಬೇಡ. ಇಬ್ಬರೂ ನನ್ನನ್ನು ಪಂಚಾಯಿತಿಗೆ ಕರೆದರು.

“ಮಾವ, ನೋಡೋರು ಹೊಳಪು ನೋಡ್ತಾರೆ. ಸವೆದಿದ್ದನ್ನ ಯಾರು ನೋಡ್ತಾರೆ, ನೀವೇ ಹೇಳಿ” ಎಂಬುದು ಅವನ ವಾದ. “ನಾನು ನೋಡ್ತೀನಿ ಕಣೋ” ಎಂದು ಅಕ್ಕ ಒಳಗಿನಿಂದಲೇ ಹೇಳಿದಳು.

ತೀರ್ಪಿನ ಮೊದಲು ಒಂದು ಶಬ್ದವಿಚಾರ. ಈ ಕಾರನ್ನು ಎಲ್ಲರೂ ‘ವಿಂಟೇಜ್’ ಎನ್ನುತ್ತಾರೆ. ಇಂಗ್ಲೆಂಡಿನ ಮಡಿವಂತ ಹವ್ಯಾಸಿಗಳ ಲೆಕ್ಕದಲ್ಲಿ ಆ ಶಬ್ದ ಸಲ್ಲುವುದು 1919ರಿಂದ 1930ರವರೆಗೆ ತಯಾರಾದ ಕಾರುಗಳಿಗೆ ಮಾತ್ರ. ನಮ್ಮ ಕೇಂದ್ರ ಸರ್ಕಾರವು 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಉಳಿಸಿಕೊಂಡ ದ್ವಿಚಕ್ರ ಮತ್ತು ಚತುಶ್ಚಕ್ರ ವಾಹನಗಳೆಲ್ಲವೂ ವಿಂಟೇಜ್. ಚಾಸಿಸ್, ಕವಚ, ಎಂಜಿನ್ ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಹೊಸದಾಗಿ ಇಂಥ ನೋಂದಣಿ ಪಡೆಯಲು 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ಈಗಾಗಲೇ ನೋಂದಣಿಯಾಗಿರುವವು ತಮ್ಮ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದೆಂಬ ಒಳ್ಳೆಯ ಅವಕಾಶವೂ ಅದರಲ್ಲಿದೆ. ನನ್ನ ಸೋದರಳಿಯ ಈ ನಿಯಮವನ್ನು ಮೊಬೈಲಿನಲ್ಲಿ ತೆರೆದು ತೋರಿಸಿ, “ಇದರಲ್ಲಿ ಹಿಡಿಕೆಯ ಮಾತೇ ಇಲ್ಲ, ಬದಲಾಯಿಸಿದರೆ ಅಡ್ಡಿಯಿಲ್ಲ” ಎಂದ. ಅವನ ಮಾತು ನಿಜ. ಕಾನೂನಿಗೆ ಅಡ್ಡಿಯಿಲ್ಲದ್ದೆಲ್ಲವನ್ನೂ ಮಾಡಿಬಿಡಬೇಕೆಂದು ಯಾವ ಕಾನೂನಿನಲ್ಲೂ ಬರೆದಿಲ್ಲವೆಂದು ನಾನು ಹೇಳಿದೆ.

ಮುಂದಿನ ಎರಡು ಹಿಡಿಕೆಗಳನ್ನು ಬೆಳಕಿಗೆ ಹಿಡಿದು ನೋಡಿದೆವು. ಬಲಗಡೆಯದು ಭಾವನವರದು. ನಡುರಾತ್ರಿಯಲ್ಲಿ ಯಾವುದೋ ಹಳ್ಳಿಯಲ್ಲಿ ಹಸು ಕರು ಹಾಕಲಾರದೆ ಒದ್ದಾಡುತ್ತಿದೆಯೆಂದು ಕರೆ ಬಂದಾಗ ಅವರು ಹಿಡಿಯುತ್ತಿದ್ದ ಹಿಡಿಕೆ. ಎಡಗಡೆಯದು ಅಕ್ಕನದು. ಎರಡರಲ್ಲೂ ಹೆಬ್ಬೆರಳು ಒತ್ತುವ ಕಡೆ ಕ್ರೋಮಿನ ನೀಲಿಛಾಯೆಯ ಹೊಳಪು ಸವೆದು, ಅಡಿಯಲ್ಲಿರುವ ನಿಕ್ಕಲ್ ಪದರದ ಹಳದಿ ಛಾಯೆ ಕಾಣುತ್ತದೆ. ಲೋಹ ಗಟ್ಟಿಯಾಗಿದೆ, ಎಲ್ಲಿಯೂ ಬಿರುಕಿಲ್ಲ. ಹಿಂದಿನ ಎರಡರ ಕಥೆ ಬೇರೆ. ಅವುಗಳ ಮೈಮೇಲೆ ಸಿಡುಬಿನ ಕಲೆಗಳಂತೆ ಗುಳ್ಳೆಗಳೆದ್ದು, ಗುಳ್ಳೆ ಒಡೆದ ಕಡೆ ಕ್ರೋಮಿನ ಅಂಚು ಬ್ಲೇಡಿನಂತೆ ಹರಿತವಾಗಿದೆ. ಮೊಮ್ಮಗಳ ಬೆರಳನ್ನು ಅದು ಒಮ್ಮೆ ಕೊಯ್ದೂ ಇದೆಯಂತೆ.

ಏಕೆ ಹೀಗೆ ಎಂಬುದಕ್ಕೆ ರಸಾಯನಶಾಸ್ತ್ರದಲ್ಲಿ ಉತ್ತರವಿದೆ. ಆ ಕಾಲದ ಬಹುಪಾಲು ಕಾರುಗಳ ಹಿಡಿಕೆಗಳು ಉಕ್ಕಿನವಲ್ಲ, ಹಿತ್ತಾಳೆಯವೂ ಅಲ್ಲ. ಸತುವಿನ ಮಿಶ್ರಲೋಹವನ್ನು ಅಚ್ಚಿನಲ್ಲಿ ಎರಕ ಹೊಯ್ದು ಮಾಡಿದವು. ಅದರ ಮೇಲೆ ತಾಮ್ರ, ತಾಮ್ರದ ಮೇಲೆ ನಿಕ್ಕಲ್, ಎಲ್ಲಕ್ಕೂ ಮೇಲೆ ಕ್ರೋಮಿಯಂ. ಈ ಕೊನೆಯ ಪದರದ ದಪ್ಪವು ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಹೊಳಪು ಕ್ರೋಮಿನದಾದರೂ ಕಾವಲು ಕಾಯುವುದು ನಿಕ್ಕಲ್. ಎಲ್ಲಿಯಾದರೂ ಸೂಜಿಮೊನೆಯಷ್ಟು ರಂಧ್ರವಾದರೆ ತೇವ ಒಳಗಿಳಿದು ಸತುವನ್ನು ತಿನ್ನುತ್ತದೆ. ಸತುವಿನ ಬಿಳಿಯ ಕಿಲುಬು ಉಬ್ಬಿ ಮೇಲಿನ ಪದರಗಳನ್ನು ಎತ್ತುತ್ತದೆ. ಗುಳ್ಳೆಯೇಳುವುದು ಹೀಗೆ. ಅಕ್ಕ ದೀಪದ ಕಂಬಗಳಿಗೆ ಹಚ್ಚುವಂತೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತೇನೆಂದಳು. ಬೇಡವೆಂದು ತಡೆದೆ. ಹಿತ್ತಾಳೆಗೆ ಹಿತವಾದ ಹುಳಿ ಸತುವಿಗೆ ಶತ್ರು. ಸೋಪಿನ ನೀರು, ಹತ್ತಿಬಟ್ಟೆ, ಬಳಿಕ ಒಂದಿಷ್ಟು ಮೇಣದ ಪಾಲಿಶ್, ಇಷ್ಟೇ ಸಾಕು. ಮರಳುಕಾಗದವನ್ನಂತೂ ಹತ್ತಿರವೂ ತರಬಾರದು.

“ಹಾಗಾದ್ರೆ ಹಳೆಯದಕ್ಕೇ ಮತ್ತೆ ಕ್ರೋಮ್ ಹಾಕಿಸೋಣ” ಎಂದ ಅಳಿಯ. ಇದು ಹೊಸ ಹಿಡಿಕೆಗಿಂತ ಮೇಲಾದ ಸಲಹೆಯೆಂದು ಒಪ್ಪುತ್ತೇನೆ. ಆದರೆ ಎರಡು ತೊಡಕುಗಳಿವೆ. ಮೊದಲನೆಯದಾಗಿ, ಹಳೆಯ ಪದರಗಳನ್ನು ತೆಗೆಯಲು ಹಿಡಿಕೆಯನ್ನು ಅದ್ದುವ ದ್ರಾವಣಗಳು ಸತುವನ್ನೂ ಬಿಡುವುದಿಲ್ಲ. ಗುಳ್ಳೆಯಿದ್ದ ಕಡೆ ಗುಂಡಿಯೇ ಆಗುತ್ತದೆ. ಆ ಗುಂಡಿಗಳನ್ನು ತುಂಬಿಸಿ, ಉಜ್ಜಿ, ಮತ್ತೆ ತಾಮ್ರ ಹಾಕುವ ತಾಳ್ಮೆಯ ಕುಶಲಿಗಳು ಈಗ ವಿರಳ. ಅವಸರದ ಕೈಯಲ್ಲಿ ಹಿಡಿಕೆಯ ಅಂಚುಗಳೆಲ್ಲ ಮೊಂಡಾಗಿ, ಅದು ಚೀಪಿದ ಪೆಪ್ಪರಮೆಂಟಿನಂತೆ ಹಿಂತಿರುಗುತ್ತದೆ. ಎರಡನೆಯ ತೊಡಕು ನಮ್ಮ ಮನೆಯ ಹೊರಗಿನದು. ಸಾಂಪ್ರದಾಯಿಕ ಕ್ರೋಮ್ ಲೇಪನದ ತೊಟ್ಟಿಯಲ್ಲಿರುವುದು ಷಡ್ವೇಲೆನ್ಸಿಯ ಕ್ರೋಮಿಯಂ; ಕ್ಯಾನ್ಸರ್ ತರಬಲ್ಲ ವಿಷ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಅದು ಸೇರಿಕೊಂಡಿರುವುದು ಹಲವು ಪರೀಕ್ಷೆಗಳಲ್ಲಿ ಕಂಡುಬಂದಿರುವ ಸಂಗತಿ. ಎರಡು ಹಿಡಿಕೆಗಳಿಂದ ಯಾರ ಬಾವಿಯೂ ಕೆಡದು ಎಂದು ಯಾರಾದರೂ ಹೇಳಬಹುದು. ಹಾಗೆ ಹೇಳುವವರೊಡನೆ ನಾನು ಜಗಳಕ್ಕಿಳಿಯುವುದಿಲ್ಲ. ಆದರೆ ಸವೆದಿದ್ದರೂ ಸುಸ್ಥಿತಿಯಲ್ಲಿರುವ ಹಿಡಿಕೆಯನ್ನು ಕೇವಲ ಹೊಳಪಿಗಾಗಿ ಆ ತೊಟ್ಟಿಗೆ ಕಳುಹಿಸುವುದು ನನ್ನ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ.

ಆದ್ದರಿಂದ ನನ್ನ ತೀರ್ಪು ಹೀಗಿತ್ತು: ಹಿಂದಿನ ಎರಡು ಹಿಡಿಕೆಗಳನ್ನು ಬದಲಿಸು, ಮುಂದಿನ ಎರಡನ್ನು ಬಿಚ್ಚಿ, ತೊಳೆದು, ಹಾಗೆಯೇ ಹಾಕು. “ನಾಲ್ಕೂ ಒಂದೇ ಥರ ಕಾಣಲ್ವಲ್ಲ ಮಾವ” ಎಂದು ಅವನು ಮುಖ ಸಣ್ಣದು ಮಾಡಿಕೊಂಡ. ಕಾಣದಿರಲಿ. ಐವತ್ತು ವರ್ಷ ಬಾಳಿದ ಕಾರಿನ ನಾಲ್ಕು ಬಾಗಿಲುಗಳನ್ನು ಒಂದೇ ರೀತಿಯ ಕೈಗಳು ತೆರೆದಿರಲಾರವು. ಇನ್ನೊಂದು ಮಾತನ್ನೂ ಹೇಳಿದೆ. ಮುಂಬಾಗಿಲಿನ ಹಿಡಿಕೆಯ ಗುಂಡಿಯಲ್ಲೇ ಬೀಗದ ರಂಧ್ರವಿದೆ. ಹೊಸ ಹಿಡಿಕೆಯೆಂದರೆ ಹೊಸ ಬೀಗ, ಹೊಸ ಕೀಲಿಕೈ. ಭಾವನವರ ಕೀಲಿಗೊಂಚಲು ಇಂದಿಗೂ ಅಕ್ಕನ ಮನೆಯ ನಡುಮನೆಯ ಮೊಳೆಯಲ್ಲಿ ತೂಗುತ್ತಿದೆ. ಅದು ಯಾವ ಬಾಗಿಲನ್ನೂ ತೆರೆಯದ ವಸ್ತುವಾಗುವುದನ್ನು ಅವಳು ನೋಡಬೇಕಾಗಿತ್ತು. ಇದನ್ನು ಹೇಳಿದ ಮೇಲೆ ಅವನು ಮರುಮಾತಾಡಲಿಲ್ಲ.

ಇಲ್ಲಿ ನನ್ನನ್ನು ಕೇವಲ ಭಾವುಕನೆಂದು ತಿಳಿಯಬೇಡಿ. ಹಿಡಿಕೆ ಬೇರೆ, ಬಾಗಿಲನ್ನು ಹಿಡಿದಿಡುವ ಒಳಗಿನ ಕೊಂಡಿ ಬೇರೆ. ಹಿಡಿಕೆಯ ವಿಷಯದಲ್ಲಿ ಸವೆತವನ್ನು ಮನ್ನಿಸಬಹುದು. ಕೊಂಡಿಯ ವಿಷಯದಲ್ಲಿ ಮನ್ನಿಸಲಾಗದು. ಆ ಕಾಲದ ಕಾರುಗಳಿಗೆ ಸೀಟ್‌ಬೆಲ್ಟ್ ಇರಲಿಲ್ಲ. ತಿರುವಿನಲ್ಲಿ ಬಾಗಿಲು ತೆರೆದುಕೊಂಡರೆ ಒಳಗೆ ಕುಳಿತವರಿಗೆ ಬೇರೆ ಆಸರೆಯಿಲ್ಲ. ಆದ್ದರಿಂದ ಕೊಂಡಿಯ ಹಲ್ಲು ಸವೆದಿದ್ದರೆ, ಸ್ಪ್ರಿಂಗ್ ಸೋತಿದ್ದರೆ, ಯಾವ ನೆನಪನ್ನೂ ಲೆಕ್ಕಿಸದೆ ಅದನ್ನು ಬದಲಿಸತಕ್ಕದ್ದು. ಬಲ ಮುಂಬಾಗಿಲಿನ ಕೊಂಡಿಯನ್ನು ಹಾಗೆಯೇ ಬದಲಿಸಿದೆವು.

ಇನ್ನು ಬಿಚ್ಚುವ ಕಾರ್ಯ. ಇದಕ್ಕೆ ಮೊದಲು ಒಂದು ಗ್ಯಾರೇಜಿನಲ್ಲಿ ಎಡ ಹಿಂಬಾಗಿಲನ್ನು ಬಿಚ್ಚಲು ಹೋಗಿ, ಒಳಹಿಡಿಕೆಯ ಬುಡಕ್ಕೆ ಸ್ಕ್ರೂಡ್ರೈವರ್ ತುರುಕಿ ಮೀಟಿ, ರೆಕ್ಸಿನ್ ಹರಿದು, ಒಳಗಿನ ಹಾರ್ಡ್‌ಬೋರ್ಡನ್ನೂ ಮುರಿದಿದ್ದರು. ಹೊರಗಿನ ಹಿಡಿಕೆಯ ಒಂದು ತಿರುಪನ್ನೂ ಕಳೆದಿದ್ದರು. ಆ ಹುಡುಗನನ್ನು ನಾನು ಬಯ್ಯಲಾರೆ. ತಿರುಪು ಕಾಣದಿದ್ದರೆ ಮೀಟು ಎಂಬುದಷ್ಟೇ ಅವನಿಗೆ ಕಲಿಸಲ್ಪಟ್ಟ ವಿದ್ಯೆ. ‘ಇದನ್ನು ಜೋಡಿಸಿದವನು ಕೊನೆಗೆ ಏನನ್ನು ಕೂರಿಸಿರಬಹುದು?’ ಎಂಬ ಪ್ರಶ್ನೆಯನ್ನು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಕೊನೆಗೆ ಕೂರಿಸಿದ್ದು ಮೊದಲು ಹೊರಬರಬೇಕು. ಅದು ಕಣ್ಣಿಗೆ ಕಾಣದಂತೆ ಅಡಗಿಸುವುದೇ ಕಾರು ಮಾಡಿದವರ ಜಾಣ್ಮೆ.

ನಮಗೆ ದಾರಿ ತೋರಿದವರು ಆ ಊರಿನ ಒಬ್ಬ ಹಿರಿಯ ಮೆಕ್ಯಾನಿಕ್ ಸಾಹೇಬರು. ಎಪ್ಪತ್ತು ದಾಟಿದವರು, ಗ್ಯಾರೇಜನ್ನು ಮುಚ್ಚಿ ಮನೆಯಲ್ಲಿದ್ದಾರೆ. “ಮೇಷ್ಟ್ರೇ, ಮೊದ್ಲು ಗಾಜು ಪೂರ್ತಿ ಮೇಲಕ್ಕೆ ಏರ್ಸಿ. ಆಮೇಲೆ ಕೈ ಹಾಕಿ” ಎಂದು ಆರಂಭಿಸಿದರು. ಗಾಜು ಕೆಳಗಿದ್ದರೆ ಬಾಗಿಲ ಹೊಟ್ಟೆಯೊಳಗೆ ಕೈಯಾಡಲು ಜಾಗವಿರುವುದಿಲ್ಲ. ಗಾಜು ಏರಿಸುವ ಹಿಡಿಯನ್ನು ಬಿಚ್ಚಿದ ಮೇಲೆ ಅದನ್ನು ಏರಿಸುವುದೂ ಕಷ್ಟ. ಬಳಿಕ ಹಿಡಿಗಳು ಯಾವ ಕೋನದಲ್ಲಿ ನಿಂತಿವೆಯೆಂಬುದನ್ನು ಚಿತ್ರ ಬರೆದಿಟ್ಟುಕೊಳ್ಳಬೇಕು. ಒಳಗಿನ ದಂಡವು ಚೌಕಾಕಾರದ್ದಾದ್ದರಿಂದ ಹಿಡಿಯನ್ನು ನಾಲ್ಕು ರೀತಿಯಲ್ಲಿ ಕೂರಿಸಬಹುದು, ಅವುಗಳಲ್ಲಿ ಸರಿಯಾದದ್ದು ಒಂದೇ. ಅಳಿಯ ಮೊಬೈಲಿನಲ್ಲಿ ಫೋಟೋ ತೆಗೆದ, ನಾನು ಪೆನ್ಸಿಲಿನಲ್ಲಿ ಬರೆದೆ. ಎರಡೂ ಉಪಯೋಗಕ್ಕೆ ಬಂದವು.

ಒಳಹಿಡಿಯ ಬುಡದಲ್ಲಿ ತಟ್ಟೆಯಾಕಾರದ ಒಂದು ಬಿಲ್ಲೆ ಇರುತ್ತದೆ. ಅದು ಅಲಂಕಾರಕ್ಕೆಂದು ಬಹಳ ಜನ ತಿಳಿದಿದ್ದಾರೆ. ಎರಡು ಹೆಬ್ಬೆರಳುಗಳಿಂದ ಅದನ್ನು ಬಾಗಿಲಿನ ಕಡೆಗೆ ಒತ್ತಿದರೆ ಹಿಂದಿನ ಸ್ಪ್ರಿಂಗ್ ಕುಗ್ಗಿ, ಹಿಡಿಯ ಕುತ್ತಿಗೆಯಲ್ಲಿ ಅಡ್ಡಲಾಗಿ ತೂರಿಸಿದ ಸಣ್ಣ ಪಿನ್ನು ಕಾಣಿಸುತ್ತದೆ. ಸಣ್ಣ ಪಂಚಿನಿಂದ ಮೆಲ್ಲನೆ ತಟ್ಟಿದರೆ ಪಿನ್ನು ಹೊರಬೀಳುತ್ತದೆ. ಕೆಲವು ಪಿನ್ನುಗಳು ಒಂದು ತುದಿಯಲ್ಲಿ ಸಣಕಲಾಗಿರುತ್ತವೆ. ಸಣಕಲು ತುದಿಯಿಂದ ತಟ್ಟಿದರೆ ಬರುತ್ತವೆ, ದಪ್ಪ ತುದಿಯಿಂದ ಹೊಡೆದಷ್ಟೂ ಬಿಗಿಯುತ್ತವೆ. ಎಲ್ಲ ಕಾರುಗಳಲ್ಲೂ ಹೀಗೆಯೇ ಇರುತ್ತದೆಂದು ತಿಳಿಯಬೇಡಿ. ಕೆಲವುಗಳಲ್ಲಿ ನಡುವೆ ತಿರುಪು ಇರುತ್ತದೆ. ಅನೇಕ ಅಮೆರಿಕನ್ ಕಾರುಗಳಲ್ಲಿ ಹಿಡಿಯ ಹಿಂದೆ ಕುದುರೆಲಾಳದ ಆಕಾರದ ಸ್ಪ್ರಿಂಗ್ ಕ್ಲಿಪ್ ಅಡಗಿರುತ್ತದೆ. ಹಿಡಿಗೂ ಬಾಗಿಲಿಗೂ ನಡುವೆ ಬಟ್ಟೆಯ ಪಟ್ಟಿಯನ್ನು ತೂರಿಸಿ, ಬೂಟಿಗೆ ಪಾಲಿಶ್ ಹಾಕುವವರಂತೆ ಅತ್ತಿತ್ತ ಎಳೆದರೆ ಕ್ಲಿಪ್ ಬಟ್ಟೆಗೆ ಸಿಕ್ಕಿ ಹಾರಿಬರುತ್ತದೆ. ಹಾರಿ ಎಲ್ಲಿಗೆ ಹೋಯಿತೆಂದು ಹುಡುಕುವುದಕ್ಕೇ ಒಬ್ಬರನ್ನು ನಿಲ್ಲಿಸಿಕೊಂಡಿರಬೇಕಂತೆ.

ಹಿಡಿಗಳು ಬಂದ ಮೇಲೆ ಒಳಹಲಗೆ. ಅದು ಅಂಚಿನ ಸುತ್ತಲಿನ ಕ್ಲಿಪ್ಪುಗಳಿಂದ ನಿಂತಿರುತ್ತದೆ. ದೋಸೆ ಮಗುಚುವ ಸಟ್ಟುಗದಂಥ ಅಗಲವಾದ ಪಟ್ಟಿಯನ್ನು ಕ್ಲಿಪ್ಪಿನ ಪಕ್ಕದಲ್ಲೇ ಇಟ್ಟು ಒಂದೊಂದಾಗಿ ಬಿಡಿಸಬೇಕು (ನಾವು ಬಳಸಿದ್ದು ಅಕ್ಕನ ಸಟ್ಟುಗವನ್ನೇ). ಒಳಗೆ ಬಾಗಿಲಿನ ತಳದಲ್ಲಿ ಮಳೆನೀರು ಹೊರಹೋಗಲು ಸಣ್ಣ ರಂಧ್ರಗಳಿವೆ. ಭಾವನವರ ಕಾರಿನಲ್ಲಿ ಅವು ಹಳ್ಳಿಗಳ ಕೆಂಪು ಧೂಳಿನಿಂದ ಗಾರೆ ಹಾಕಿದಂತೆ ಮುಚ್ಚಿಹೋಗಿದ್ದವು. ಅವನ್ನು ಬಿಡಿಸಿದ್ದು, ನನ್ನ ದೃಷ್ಟಿಯಲ್ಲಿ, ಆ ದಿನದ ಅತ್ಯಂತ ಉಪಯುಕ್ತ ಕೆಲಸ. ಹೊರಗೆಷ್ಟೇ ಹೊಳಪು ಕೊಟ್ಟರೂ ನೀರು ನಿಂತ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ.

ಹೊರಹಿಡಿಕೆಯ ತಿರುಪುಗಳನ್ನು ಬಾಗಿಲಿನೊಳಗಿನಿಂದ ಕೈಹಾಕಿ ಬಿಚ್ಚಿದೆವು. ಹೊಸ ಬಣ್ಣಕ್ಕೆ ಗೀರು ಬೀಳದಂತೆ ಹಿಡಿಕೆಯ ಸುತ್ತ ಟೇಪು ಅಂಟಿಸಿದ್ದೆವು. ಹಿಡಿಕೆಗೂ ಬಣ್ಣಕ್ಕೂ ನಡುವಿನ ರಬ್ಬರು ಒಣಗಿ ಹಪ್ಪಳವಾಗಿತ್ತು. ಇದನ್ನು ಮಾತ್ರ ಹೊಸದಾಗಿ ಹಾಕಲೇಬೇಕು. ಇಲ್ಲದಿದ್ದರೆ ಲೋಹ ಬಣ್ಣವನ್ನು ಕೊರೆಯುತ್ತದೆ, ನೀರು ಒಳಗಿಳಿಯುತ್ತದೆ. ಪ್ರತಿ ಬಾಗಿಲಿನ ತಿರುಪು, ವಾಷರು, ಪಿನ್ನುಗಳನ್ನು ಒಂದೊಂದು ಬೆಂಕಿಪೊಟ್ಟಣದಲ್ಲಿ ಹಾಕಿ ‘ಎಡ–ಮುಂದೆ’, ‘ಬಲ–ಹಿಂದೆ’ ಎಂದು ಬರೆದೆ. ಅಳಿಯ ನಕ್ಕ. ಪ್ರಯೋಗಾಲಯದ ಶೀಷೆಗಳಿಗೆ ಚೀಟಿ ಅಂಟಿಸುತ್ತಿದ್ದ ಕೈ ನನ್ನದು, ನಗಲಿ.

ಮರಳಿ ಜೋಡಿಸುವಾಗ ಸಾಹೇಬರು ಅತ್ಯಂತ ಕಟ್ಟುನಿಟ್ಟಾಗಿದ್ದ ವಿಷಯವೊಂದಿದೆ. ಹಿಡಿಕೆಯ ಗುಂಡಿಯ ಹಿಂಬದಿಯ ಮೊನೆಗೂ ಕೊಂಡಿಯ ಸನ್ನೆಗೂ ನಡುವೆ ಕೂದಲೆಳೆಯಷ್ಟು ಅಂತರವಿರಬೇಕು. ಅಂತರವೇ ಇಲ್ಲದಿದ್ದರೆ ಗುಂಡಿ ಸದಾ ಒತ್ತಿದಂತಿದ್ದು ಬಾಗಿಲು ಸರಿಯಾಗಿ ಹಿಡಿಯುವುದಿಲ್ಲ. ಹೆಚ್ಚಾದರೆ ಗುಂಡಿ ಒಳಹೋದರೂ ಬಾಗಿಲು ತೆರೆಯುವುದಿಲ್ಲ. ಅದನ್ನು ಹೊಂದಿಸಲು ಮೊನೆಯಲ್ಲಿ ಒಂದು ತಿರುಪೂ ಅದನ್ನು ಬಿಗಿಯುವ ನಟ್ಟೂ ಇವೆ. ಹೊಂದಿಸಿದ ಮೇಲೂ ಬಾಗಿಲನ್ನು ಮುಚ್ಚಕೂಡದು! ತೆರೆದಿಟ್ಟೇ ಸ್ಕ್ರೂಡ್ರೈವರಿನಿಂದ ಕೊಂಡಿಯನ್ನು ಬೀಗ ಬಿದ್ದ ಸ್ಥಿತಿಗೆ ತಿರುಗಿಸಿ, ಗುಂಡಿ ಒತ್ತಿ, ಅದು ಬಿಡುಗಡೆಯಾಗುವುದೇ ಎಂದು ನೋಡಬೇಕು. ಒಳಗಿನ ಹಿಡಿಯಿಂದಲೂ ನೋಡಬೇಕು. “ಹತ್ತು ಸಲ ನೋಡಿ ಮೇಷ್ಟ್ರೇ. ಒಂದ್ಸಲ ಮುಚ್ಚಿ ಸಿಕ್ಕಾಕ್ಕೊಂಡ್ರೆ ತಿರುಪು ಒಳ್ಗಡೆ, ನೀವು ಹೊರ್ಗಡೆ” ಎಂದರು. ನಾವು ಎಣಿಸಿಯೇ ಹತ್ತು ಸಲ ನೋಡಿದೆವು. ಬಳಿಕ ನೀರು ತಡೆಯುವ ಪ್ಲಾಸ್ಟಿಕ್ ಹಾಳೆ, ಒಳಹಲಗೆ, ಸ್ಪ್ರಿಂಗು, ಬಿಲ್ಲೆ, ಹಿಡಿ, ಕೊನೆಗೆ ಪಿನ್ನು. ಹರಿದ ರೆಕ್ಸಿನ್ನನ್ನು ಸೀಟು ಹೊಲಿಯುವವರು ಒಂದು ದಿನದಲ್ಲಿ ಸರಿಪಡಿಸಿಕೊಟ್ಟರು.

ಈ ಸಾಹೇಬರಿಗೆ ಶಿಷ್ಯರಿಲ್ಲ. ಇಬ್ಬರು ಮಕ್ಕಳೂ ಬೇರೆ ಉದ್ಯೋಗ ಹಿಡಿದಿದ್ದಾರೆ. ಉತ್ತರಪಾರದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರ ಮೇ ತಿಂಗಳಿನಲ್ಲಿ. ಬಿಡಿಭಾಗಗಳು ಇನ್ನೂ ಕೆಲವು ಕಾಲ ಸಿಕ್ಕಾವು, ಆದರೆ ಪಿನ್ನು ಎಲ್ಲಿದೆಯೆಂದು ಬಲ್ಲ ಕೈಗಳು ಅವುಗಳಿಗಿಂತ ಮೊದಲೇ ಮುಗಿಯುತ್ತವೆ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ಆರಂಭವಾದ ಧರ್ಮಸ್ಥಳದವರ ‘ಪಯಣ’ ಸಂಗ್ರಹಾಲಯವನ್ನು ನೋಡಲು ಹೋಗುವವರು ಕಾರುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವುದರ ಜೊತೆಗೆ ಅವುಗಳ ಹಿಡಿಕೆಗಳನ್ನೂ ಒಮ್ಮೆ ಗಮನಿಸಿ. ಮಕ್ಕಳನ್ನು ಕರೆದೊಯ್ದರೆ, ಇದನ್ನು ಹೇಗೆ ಬಿಚ್ಚುತ್ತಾರೆಂದು ಅವರನ್ನು ಕೇಳಿ. ಶಾಲೆಗಳಲ್ಲಿ ನಾವು ಮೋಟಾರಿನ ಚಿತ್ರ ಬರೆಸಿ ಭಾಗಗಳನ್ನು ಗುರುತಿಸಲು ಐದು ಅಂಕ ಕೊಟ್ಟೆವು. ಕೆಟ್ಟ ಬೀಗವೊಂದನ್ನು ಮಕ್ಕಳ ಕೈಗೆ ಕೊಟ್ಟು ಬಿಚ್ಚಿ ಜೋಡಿಸಿರೆಂದು ಹೇಳಲು ಪಠ್ಯಕ್ರಮದಲ್ಲಿ ಜಾಗವಿರಲಿಲ್ಲ. ಇರಬೇಕಾಗಿತ್ತೆಂದು ನಾನು ಸೇವೆಯಲ್ಲಿದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಹಿಂಬಾಗಿಲುಗಳಿಗೆ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಅದೇ ಮಾದರಿಯ ಎರಡು ಹಳೆಯ ಹಿಡಿಕೆಗಳು ದೊರೆತವು. ಗುಳ್ಳೆಗಳಿಲ್ಲ, ಸ್ವಲ್ಪ ಮಂಕಾಗಿವೆ. ಬಲಗಡೆಯದನ್ನು ಕೂರಿಸಿಯಾಯಿತು. ಎಡಗಡೆಯದಕ್ಕೆ ಆ ಗ್ಯಾರೇಜಿನವರು ಕಳೆದ ತಿರುಪಿನದೇ ಕೊರತೆ. ಈ ಕಾರಿನ ತಿರುಪುಗಳು ಇಂಚಿನ ಲೆಕ್ಕದವು. ಇಂದಿನ ಮಿಲಿಮೀಟರ್ ತಿರುಪನ್ನು ಬಲವಂತವಾಗಿ ತೂರಿಸಿದರೆ ಎರಡು ಸುತ್ತು ಹಿಡಿದು ಸತುವಿನ ಮರೆಯನ್ನೇ ಕೊಚ್ಚಿಹಾಕುತ್ತದೆ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಹುಡುಕುವುದಾಗಿ ಅಳಿಯ ಹೇಳಿದ್ದಾನೆ. ಅಲ್ಲಿಯವರೆಗೆ ಆ ಬಾಗಿಲನ್ನು ಒಳಗಿನಿಂದ ಮಾತ್ರ ತೆರೆಯುತ್ತಿದ್ದಾರೆ. ಅಕ್ಕನಿಗೆ ಅದರಿಂದ ತೊಂದರೆಯಿಲ್ಲ. ಅವಳು ಎಂದಿನಂತೆ ಮುಂದೆ, ಎಡಗಡೆಯಲ್ಲಿ ಕುಳಿತುಕೊಳ್ಳುತ್ತಾಳೆ.